ಹಣ್ಣುನೊಣ ಕಲಿಸುವ ಪಾಠ



ನಾನು ಕಲಿಸುವುದು ಉರ್ದು, ಕನ್ನಡ. ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಊಟದ ಡಬ್ಬಿಯ ಬಾಳೆಹಣ್ಣಿನ ಮೇಲೆ ಕೂತ ಪುಟ್ಟ ನೊಣವನ್ನೇ ನೋಡುತ್ತಿದ್ದ. “ನೊಣ ನೋಡಿದರೆ ಏನು ಬರುತ್ತದೆ?” ಎಂದು ಗದರಿದೆ. ತಪ್ಪು ನನ್ನದೇ.

ಆ ಹಣ್ಣುನೊಣ ಸುಮಾರು ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಬೆಳೆದು ನೊಣವಾಗುತ್ತದೆ. ಸಣ್ಣ ಸೀಸೆಗಳಲ್ಲೇ ನೂರಾರು ನೊಣಗಳನ್ನು ಸಾಕಬಹುದು. ಆದ್ದರಿಂದ ಹಲವು ತಲೆಮಾರುಗಳನ್ನು ಬೇಗ ಪರೀಕ್ಷಿಸಬಹುದು. 1910ರಲ್ಲಿ ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಕೆಂಪುಗಣ್ಣಿನ ನೊಣಗಳ ನಡುವೆ ಒಂದು ಬಿಳಿಗಣ್ಣಿನ ನೊಣ ಕಂಡರು. ಅದರ ಸಂತತಿಯನ್ನು ಎಣಿಸುತ್ತಾ ಹೋಗಿ, ವಂಶವಾಹಿಗಳು ವರ್ಣತಂತುಗಳಲ್ಲಿವೆ ಎಂದು ತೋರಿಸಿದರು. 1933ರಲ್ಲಿ ನೊಬೆಲ್ ಪಡೆದರು. ಮನುಷ್ಯನ ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ಶೇ. 75ರಷ್ಟಕ್ಕೆ ಹೋಲುವಂಥವು ಈ ನೊಣದಲ್ಲೂ ಇವೆ.

ಅಲಿಗಢದಲ್ಲಿ ಓದಿದ ಒಬೈದ್ ಸಿದ್ದಿಕಿಯವರು ರುಚಿ, ವಾಸನೆ ತಿಳಿಯುವ ಬಗೆಯನ್ನು ಇದೇ ನೊಣದಲ್ಲಿ ಅಭ್ಯಸಿಸಿದರು. ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದರು. 2006ರಲ್ಲಿ ಪದ್ಮವಿಭೂಷಣ ಅವರಿಗೆ ಸಂದಿತು.

ಪೋಷಕರೇ, ಮಗು ನೊಣ ನೋಡುತ್ತಾ ಕೂತರೆ ಗದರಬೇಡಿ. ಏನು ಕಂಡಿತೆಂದು ಕೇಳಿ. ಉತ್ತರ ತಿಳಿಯದಿದ್ದರೆ ಪ್ರಶ್ನೆಯನ್ನು ಶಾಲೆಗೆ ಕಳಿಸಿ, ಜೊತೆಗೂಡಿ ಹುಡುಕೋಣ.