ನೂಲಿನಂತೆ ಸೀರೆ

ಮಗು ಹುಟ್ಟಿದ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಗಂಡೋ ಹೆಣ್ಣೋ ಎಂಬುದು. ಎರಡನೆಯದು, ತೂಕ ಎಷ್ಟು ಎಂಬುದು. ಮೂರು ಕಿಲೋ ಎಂದರೆ ಅಜ್ಜಿಯ ಮುಖ ಅರಳುತ್ತದೆ. ಎರಡೂಕಾಲು ಎಂದರೆ ಬಾಡುತ್ತದೆ. ಆದರೆ ತಾಯಿಯ ತೂಕ ಎಷ್ಟಿತ್ತೆಂದು ಯಾರೂ ವಿಚಾರಿಸುವುದಿಲ್ಲ. ತಂದೆಯ ತೂಕವನ್ನು ಕೇಳುವ ಯೋಚನೆಯಂತೂ ಯಾರಿಗೂ ಹೊಳೆಯದು. ಹೀಗೆ ಕೇಳದೆ ಉಳಿದ ಆ ಎರಡು ಪ್ರಶ್ನೆಗಳನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವು ಗುಣನಡತೆಗಳಿಗೆ ಅನ್ವಯಿಸಿ ಆಡುತ್ತ ಬಂದಿದ್ದೇವೆ. ಉಂಡ ಅನ್ನವನ್ನು ಶಕ್ತಿಯಾಗಿಯೋ ಕೊಬ್ಬಾಗಿಯೋ ಮಾರ್ಪಡಿಸುವ ಶರೀರದ ವ್ಯವಹಾರಕ್ಕೆ, ಅಂದರೆ ಚಯಾಪಚಯ ಕ್ರಿಯೆಗೆ ಕೂಡ ಅದು ಸಲ್ಲುತ್ತದೆಂಬುದಕ್ಕೆ ಬಲವಾದ ಸಾಕ್ಷ್ಯವೊಂದು ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. ಊರವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಮೊದಲ್ಗೊಂಡ ಹೆರಿಗೆಯ ದಫ್ತರಗಳು ಜೋಪಾನವಾಗಿ ಉಳಿದುಬಂದಿದ್ದವು. ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ಬಸುರಿನಲ್ಲಿ ತಾಯಿಯ ತೂಕ, ಇವನ್ನೆಲ್ಲ ಅಂದು ಬರೆದಿಟ್ಟವರಿಗೆ ತಾವು ಮುಂದಿನ ಕಾಲದ ವಿಜ್ಞಾನಕ್ಕೆ ಕಣಜ ತುಂಬುತ್ತಿದ್ದೇವೆಂಬ ಅರಿವು ಇದ್ದಿರಲಾರದು.

1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಕೂಸೂ ಸಣ್ಣದಾಗಿ, ತಾಯಿಯೂ 45 ಕಿಲೋಗಿಂತ ಕಡಿಮೆ ತೂಗಿದ್ದಲ್ಲಿ ನೂರಕ್ಕೆ 20!

ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಬಡ ಸಂಸಾರದ ಲೆಕ್ಕಾಚಾರದಂತೆಯೇ ಇದೆ. ಇರುವುದು ಸಾಲದಾದಾಗ ಗೃಹಿಣಿ ಅತ್ಯಗತ್ಯವಾದುದಕ್ಕೆ ಮೊದಲು ತೆಗೆದಿಡುತ್ತಾಳೆ. ಗರ್ಭದಲ್ಲಿ ಪೋಷಣೆ ಸಾಲದಾದಾಗ ಶಿಶುವಿನ ದೇಹವೂ ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಮಾಂಸಖಂಡ, ಮೂತ್ರಪಿಂಡ, ಇನ್ಸುಲಿನ್ ಒಸರುವ ಮೇದೋಜೀರಕ ಗ್ರಂಥಿ, ಇವುಗಳ ಪಾಲು ಕಿರಿದಾಗುತ್ತದೆ. ಕೊರತೆಗೆಂದು ಹೀಗೆ ಅಣಿಯಾದ ದೇಹ ಮುಂದೆ ಸಮೃದ್ಧಿಯ ನಡುವೆ ಬಾಳಬೇಕಾಗಿ ಬಂದಾಗ ಸೋಲುತ್ತದೆ.

ಹಾಗಾದರೆ ತಾಯಿ ಹೆಚ್ಚು ತೂಕವಿದ್ದಷ್ಟೂ ಒಳಿತೇ? ಅದೇ ದಫ್ತರ 1998ರಲ್ಲಿ ಇನ್ನೊಂದು ಮುಖವನ್ನು ತೋರಿತು. ಹುಟ್ಟುವಾಗ ಗಿಡ್ಡಾಗಿ, ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡುಬಂತು. ಸ್ಥೂಲದೇಹದಲ್ಲಿ ಇನ್ಸುಲಿನ್ನಿನ ಪ್ರಭಾವ ಕುಗ್ಗುವುದರಿಂದ ರಕ್ತದಲ್ಲಿ ಸಕ್ಕರೆ ಏರುವ ಸಂಭವ ಹೆಚ್ಚು. ಆ ಸಕ್ಕರೆ ಮಾಸನ್ನು ದಾಟಿ ಶಿಶುವನ್ನು ಸೇರುತ್ತದೆ; ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಶಿಶು ತನ್ನ ಎಳೆಯ ಗ್ರಂಥಿಯಿಂದಲೇ ಇನ್ಸುಲಿನ್ ಸುರಿಸಬೇಕಾಗುತ್ತದೆ. ಅದು ಸಕ್ಕರೆಯನ್ನು ಕೊಬ್ಬಾಗಿಸಿ ಕೂಡಿಡುತ್ತದೆ. ಕಣ್ಣಿಗೆ ಮುದ್ದಾದ ದುಂಡುತನವೆಲ್ಲ ಆರೋಗ್ಯದ ಲಕ್ಷಣವಲ್ಲ.

ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಅಪರಾಧವನ್ನೆಲ್ಲ ಹೆತ್ತವಳ ತಲೆಗೆ ಕಟ್ಟಿದಂತಾಗುತ್ತದೆ. ನಮ್ಮ ಮನೆಗಳಿಗೆ ಆ ಅಭ್ಯಾಸ ಹೊಸದೂ ಅಲ್ಲ. ಆದರೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಂದ ಆರಂಭವಾದ ಅಧ್ಯಯನವೊಂದು ತಂದೆಯರನ್ನೂ ತಕ್ಕಡಿಗೆ ಏರಿಸಿತು. ಮಕ್ಕಳು ಒಂಬತ್ತೂವರೆ ವರ್ಷದವರಾದಾಗ ನೋಡಿದರೆ, ತಾಯಿ ಸ್ಥೂಲಳಾಗಿದ್ದಲ್ಲಿ ಮಾತ್ರವಲ್ಲ, ತಂದೆ ಸ್ಥೂಲನಾಗಿದ್ದಲ್ಲಿಯೂ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚಾಗಿತ್ತು, ಇನ್ಸುಲಿನ್ನಿನ ಪ್ರಭಾವ ಕುಂದಿತ್ತು. ತಂದೆ ಮಗುವನ್ನು ಹೊಟ್ಟೆಯಲ್ಲಿ ಹೊತ್ತವನಲ್ಲ. ಹಾಗಿದ್ದೂ ಈ ನಂಟು ಕಾಣುವುದಾದರೆ, ಅದು ವಂಶವಾಹಿಗಳಿಂದ ಬಂದಿರಬೇಕು. ಒಂದೇ ಒಲೆಯ ಅಡುಗೆ, ಕುಳಿತಲ್ಲೇ ಕಾಲ ಕಳೆಯುವ ಒಂದೇ ರೂಢಿ, ಇವುಗಳಿಂದ ಬಂದಿರಬೇಕು. ಗಾದೆ ತಾಯಿ ಮಗಳನ್ನಷ್ಟೇ ಹೆಸರಿಸಿತು. ಸೀರೆಗೆ ಹಾಸೂ ಬೇಕು, ಹೊಕ್ಕೂ ಬೇಕು ಎಂಬುದನ್ನು ಮಗ್ಗದ ಮುಂದೆ ಕುಳಿತವರು ಬಲ್ಲರು.

ಇಷ್ಟನ್ನು ಕೇಳಿ ಹಣೆಬರಹವೆಂದು ಕೈಚೆಲ್ಲಬೇಕಾಗಿಲ್ಲ. ಇವು ಸಮೂಹದ ಲೆಕ್ಕಗಳು, ಒಬ್ಬೊಬ್ಬರ ಜಾತಕವಲ್ಲ. ಹುಟ್ಟಿದ ಮೇಲಿನ ಬೆಳವಣಿಗೆಗೂ ಇದರಲ್ಲಿ ಪಾಲಿದೆ. 1969ರಿಂದ 1972ರವರೆಗೆ ದೆಹಲಿಯಲ್ಲಿ ಹುಟ್ಟಿದ ಸುಮಾರು ಒಂದೂವರೆ ಸಾವಿರ ಮಂದಿಯ ವಿವರ 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಮಧುಮೇಹಕ್ಕೆ ಅಥವಾ ಅದರ ಹಿಂದಿನ ಮೆಟ್ಟಿಲಿಗೆ ಬಂದವರು ಬಹುಮಟ್ಟಿಗೆ ಎರಡು ವರ್ಷದವರೆಗೆ ತೆಳ್ಳಗಿದ್ದು, ಅನಂತರ ಬೇಗಬೇಗನೆ ಮೈತುಂಬಿಕೊಂಡವರು. ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಯಾರೊಬ್ಬರೂ ಸ್ಥೂಲಕಾಯರೆನಿಸಿರಲಿಲ್ಲ. ಸಣ್ಣಗೆ ಹುಟ್ಟಿದ ಮಗುವಿಗೆ ಮುಂದೆ ತುಪ್ಪವನ್ನೂ ಸಿಹಿಯನ್ನೂ ತುರುಕಿ ಗುಂಡಗೆ ಮಾಡಹೊರಡುವ ಅಕ್ಕರೆ ಎಷ್ಟು ಎಚ್ಚರವಾಗಿರಬೇಕೆಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ಇಂದಿಗೂ ಎರಡು ಬಗೆಯ ಮನೆಗಳಿವೆ. ಎಲ್ಲರೂ ಉಂಡೆದ್ದ ಮೇಲೆ ತಪ್ಪಲೆಯ ತಳದಲ್ಲಿ ಉಳಿದುದನ್ನು ಬಸುರಿ ಸೊಸೆ ಉಣ್ಣುವ ಮನೆ ಒಂದು; ಇಬ್ಬರ ಊಟ ಉಣ್ಣಬೇಕಮ್ಮಾ ಎಂದು ಅವಳಿಗೆ ಬಡಿಸಿದ ಮೇಲೆ ಬಡಿಸುವ ಮನೆ ಇನ್ನೊಂದು. ಎರಡೂ ಕಡೆ ಹಿರಿಯರು ಎಚ್ಚರಗೊಳ್ಳುವುದು ತಡವಾಗಿ. ತಾಯ್ತನದ ಸಿದ್ಧತೆ ಸೀಮಂತದ ದಿನ ಮಡಿಲು ತುಂಬುವುದರಿಂದ ಮೊದಲಾಗುವುದಿಲ್ಲ. ಹದಿನೈದರ ಹುಡುಗಿಯ ತಟ್ಟೆಯಲ್ಲಿ ಕಾಳು, ಸೊಪ್ಪು, ಹಾಲು ಇದ್ದವೇ ಎಂದು ನೋಡುವುದರಿಂದ ಅದು ಮೊದಲಾಗಬೇಕು. ಪಕ್ಕದಲ್ಲಿ ಉಣ್ಣುತ್ತಿರುವ ಅವಳ ಅಣ್ಣನೂ ನಾಳೆ ಒಬ್ಬ ತಂದೆ. ಅವನ ತಟ್ಟೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ಹುಟ್ಟಲಿರುವ ಮೊಮ್ಮಕ್ಕಳಿಗೆ ಅಷ್ಟು ಉಪಕಾರ ಮಾಡಿದಂತೆ.