ಗುಡ್ಡದ ಲೆಕ್ಕ ಕೇಳೋಣ



ನಿಮ್ಮೂರಿನ ಗುಡ್ಡದಲ್ಲಿ ಜಲ್ಲಿ ಕ್ವಾರಿ ಬರಲಿದೆ ಎಂಬ ಸುದ್ದಿ ಹಬ್ಬಿದೆ ಎಂದುಕೊಳ್ಳಿ. ಕೆಲವರು 'ಬೇಡವೇ ಬೇಡ' ಎನ್ನುತ್ತಾರೆ. ಇನ್ನು ಕೆಲವರು 'ನಾಲ್ಕು ಜನರಿಗೆ ಕೆಲಸ ಸಿಗುತ್ತದೆ, ಬರಲಿ ಬಿಡಿ' ಎನ್ನುತ್ತಾರೆ. ನೀವು ಯಾರ ಮಾತಿಗೆ ತಲೆದೂಗುವಿರಿ? ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಯೋಚಿಸೋಣ.

ಮೊದಲೇ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಜಲ್ಲಿ ಎಲ್ಲರಿಗೂ ಬೇಕು. ನೀವು ಕುಳಿತು ಪಾಠ ಕೇಳುವ ಕೋಣೆಯ ತಾರಸಿಯಲ್ಲಿ ಜಲ್ಲಿ ಇದೆ, ನಿಮ್ಮ ಬಸ್ಸು ಓಡುವ ರಸ್ತೆಯಲ್ಲಿಯೂ ಇದೆ. ಆದ್ದರಿಂದ 'ಜಲ್ಲಿ ಬೇಕೋ ಬೇಡವೋ' ಎಂಬುದು ಪ್ರಶ್ನೆಯಲ್ಲ. ಯಾವ ಗುಡ್ಡದಿಂದ, ಎಷ್ಟು, ಯಾರ ಒಪ್ಪಿಗೆಯಿಂದ ಎಂಬುದು ಪ್ರಶ್ನೆ.

ಈ ಸೀಮೆಯ ನೆಲವನ್ನು ನೋಡಿ. ಮೇಲೆ ಗುಡ್ಡ, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದಲೂ ಇಲ್ಲಿ ನಡೆದುಬಂದಿದೆ. ತೋಟ ಬದುಕಿರುವುದು ಬೆಟ್ಟದ ಸೊಪ್ಪಿನಿಂದ, ಗುಡ್ಡದ ನೀರಿನಿಂದ. ಮಳೆಗಾಲದ ನೀರು ಮಣ್ಣಿನಲ್ಲಿಯೂ ತೂತು ತೂತಾದ ಚಿರೆಕಲ್ಲಿನ ಪದರದಲ್ಲಿಯೂ ಇಂಗಿ, ಬೇಸಿಗೆಯಲ್ಲಿ ಒರತೆಯಾಗಿ, ಅಬ್ಬಿಯಾಗಿ ಹರಿಯುತ್ತದೆ. ಜಲ್ಲಿಗೆ ಬೇಕಾದ ಗಟ್ಟಿ ಬಂಡೆ ಇರುವುದು ಇವುಗಳ ಅಡಿಯಲ್ಲಿ. ಅದನ್ನು ಒಡೆಯಬೇಕಾದರೆ ನೀರು ಹಿಡಿದಿಡುವ ಮೇಲಿನ ಹೊದಿಕೆಯನ್ನೇ ಮೊದಲು ಕಿತ್ತುಹಾಕಬೇಕು. ಕಿತ್ತು ರಾಶಿ ಹಾಕಿದ ಮಣ್ಣು ಮಳೆಗೆ ಜಾರಿ ತೋಟದ ಬಸಿಗಾಲುವೆಗಳನ್ನು ಮುಚ್ಚುತ್ತದೆ. ಇಲ್ಲಿನ ಇಳಿಜಾರುಗಳು ಎಷ್ಟು ಸೂಕ್ಷ್ಮ ಎಂಬುದಕ್ಕೆ ಯಲ್ಲಾಪುರ ತಾಲ್ಲೂಕಿನ ಕಳಚೆ ಸಾಕ್ಷಿ. 2021ರ ಜುಲೈ ತಿಂಗಳ ಮಳೆಗೆ ಅಲ್ಲಿ ಗುಡ್ಡ ಕುಸಿದು ತೋಟಗಳು ಮಣ್ಣುಪಾಲಾದವು.

ಹಾಗಾದರೆ ವಿರೋಧಿಸುವುದು ಹೇಗೆ? ಈ ಸೀಮೆಯವರು ಎರಡು ಪಾಠಗಳನ್ನು ಕಲಿಸಿದ್ದಾರೆ.

ಮೊದಲನೆಯದು ಬೇಡ್ತಿಯ ಪಾಠ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಇಲ್ಲಿನ ಕೃಷಿಕರು ಬರೀ ಘೋಷಣೆ ಕೂಗಲಿಲ್ಲ. 1981ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘದ ಆಶ್ರಯದಲ್ಲಿ ವಿಜ್ಞಾನಿಗಳನ್ನೂ ರೈತರನ್ನೂ ಕೂಡಿಸಿ ಯೋಜನೆಯ ಲಾಭ-ನಷ್ಟವನ್ನು ಒರೆಗೆ ಹಚ್ಚಿದರು. ಹುಟ್ಟುವ ವಿದ್ಯುತ್ತಿನ ಲೆಕ್ಕವಿದೆ, ಮುಳುಗುವ ತೋಟದ, ಕಾಡಿನ ಲೆಕ್ಕವೆಲ್ಲಿ ಎಂದು ಕೇಳಿದರು. ಆ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು.

ಎರಡನೆಯದು ಅಪ್ಪಿಕೋ ಪಾಠ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಅವರ ಮಂತ್ರ 'ಉಳಿಸು, ಬೆಳೆಸು, ಬಳಸು'. ಕೊನೆಯ ಪದವನ್ನು ಗಮನಿಸಿ. ಬಳಸಲೇಬಾರದು ಎಂದು ಅವರು ಹೇಳಲಿಲ್ಲ. ಮಿತವರಿತು ಬಳಸು ಎಂದರು.

ಸಿದ್ದಾಪುರಕ್ಕೆ ನೆರೆಯ ಸಾಗರ ತಾಲ್ಲೂಕಿನ ಅಂಬಾರಗುಡ್ಡದಲ್ಲಿ ಜನ ಗಣಿಗಾರಿಕೆಯನ್ನೇ ಎದುರಿಸಿದರು. 2011ರಲ್ಲಿ ಆ ಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಕಾನೂನಿನ ಬಲವೂ ಇದೆ. ಚಿಕ್ಕ ಕ್ವಾರಿ ತಾನೇ, ಅದಕ್ಕೇಕೆ ಪರಿಸರದ ಅನುಮತಿ ಎಂಬ ವಾದ ಹಿಂದೆ ನಡೆಯುತ್ತಿತ್ತು. ಐದು ಹೆಕ್ಟೇರಿಗಿಂತ ಕಡಿಮೆ ಇರುವ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು ಹೇಳಿತು. ಯೋಜನೆಯ ಕಾಗದಪತ್ರಗಳನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಊರಿನ ಮಾತನ್ನು ದಾಖಲಿಸಲು ಗ್ರಾಮಸಭೆಯಿದೆ.

ನೀವೇನು ಮಾಡಬಹುದು? ಒಂದು ನೋಟ್‌ಬುಕ್ ಹಿಡಿದು ಗುಡ್ಡ ಹತ್ತಿ. ಎಷ್ಟು ಒರತೆಗಳಿವೆ, ಯಾವುದು ಏಪ್ರಿಲ್‌ವರೆಗೆ ಹರಿಯುತ್ತದೆ, ಅದರ ನೀರನ್ನು ಎಷ್ಟು ಮನೆಗಳು ಕುಡಿಯುತ್ತವೆ ಎಂದು ಬರೆಯಿರಿ. ಬತ್ತಿದ ಬಾವಿಗಳ ಕತೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಕ್ವಾರಿಯ ಕೆಲಸ ಎಷ್ಟು ವರ್ಷ, ಎಷ್ಟು ಜನರಿಗೆ, ಆಮೇಲೆ ಉಳಿಯುವ ಹೊಂಡವನ್ನು ಮುಚ್ಚುವವರು ಯಾರು ಎಂದೂ ಕೇಳಿ. ಕೆಲಸ ಬೇಕು ಎನ್ನುವವರ ಮಾತನ್ನೂ ತಾಳ್ಮೆಯಿಂದ ಆಲಿಸಿ. ಅವರೂ ನಮ್ಮೂರಿನವರೇ.

ಗುಡ್ಡ ಒಮ್ಮೆ ಜಲ್ಲಿಯಾದರೆ ಮತ್ತೆ ಗುಡ್ಡವಾಗುವುದಿಲ್ಲ. ಆದ್ದರಿಂದ ಲೆಕ್ಕವನ್ನು ಮೊದಲೇ ಕೇಳಬೇಕು. ಲೆಕ್ಕ ಕೇಳಿ ಹೇಳಿದ 'ಬೇಡ'ಕ್ಕೆ ತೂಕ ಹೆಚ್ಚು.