ಮರ್ಮರದಿಂದ ವಿಶ್ವಖ್ಯಾತಿಗೆ

'ಮರ್ಮರ' ಎಂಬುದು ಅಮರಕೋಶದಲ್ಲಿರುವ ಶಬ್ದ. ಬಟ್ಟೆ ಸರಿದಾಡಿದಾಗ, ಎಲೆಗಳು ಅಲುಗಿದಾಗ ಹುಟ್ಟುವ ಸದ್ದಿಗೆ ಆ ಹೆಸರು. ಇಂಗ್ಲಿಷಿನಲ್ಲಿಯೂ ಅದಕ್ಕೆ ಬಹು ಸಮೀಪವಾದ ಮಾತೊಂದುಂಟು: 'ಮರ್ಮರ್'. ಎರಡೂ ಅನುಕರಣ ಶಬ್ದಗಳೇ. ಅಮೆರಿಕದ ನಾಲ್ವರು ತರುಣರು 1983ರಲ್ಲಿ ಹೊರತಂದ ತಮ್ಮ ಮೊದಲನೆಯ ಪೂರ್ಣಪ್ರಮಾಣದ ಧ್ವನಿಮುದ್ರಿಕೆಗೆ ಈ ಹೆಸರನ್ನೇ ಇಟ್ಟರು. ಅವರ ಮೇಳಕ್ಕೆ ಆರ್.ಇ.ಎಂ. ಎಂದು ಹೆಸರು. ಮುದ್ರಿಕೆಗೆ ಇಟ್ಟ ಹೆಸರೇನೋ ಅನ್ವರ್ಥವಾಗಿಯೇ ಇದ್ದಿತು. ಹಾಡುವವನ ಬಾಯಿಂದ ಹೊರಡುವ ಮಾತು ಅವನ ನಾಡಿನವರಿಗೇ ಅರ್ಧಂಬರ್ಧ ಕೇಳುತ್ತಿತ್ತು. ಹೀಗೆ ಗುಣುಗುಣಿಸುತ್ತ ಹೊರಟ ಮೇಳ ಎಂಟು ವರ್ಷ ಕಳೆಯುವಷ್ಟರಲ್ಲಿ ದೇಶದೇಶಗಳಲ್ಲಿ ಮನೆಮಾತಾಯಿತು. ಅದು ಹೇಗಾಯಿತು, ಅಷ್ಟು ಕೀರ್ತಿ ಮೈಮೇಲೆ ಬಿದ್ದರೂ ಆ ನಾಲ್ವರ ಸ್ನೇಹ ಹೇಗೆ ಉಳಿಯಿತು ಎಂಬುದು ಈ ಹೊತ್ತಿನ ನನ್ನ ಮಾತಿನ ವಸ್ತು.

ರಾಕ್ ಸಂಗೀತವೆಂದ ಕೂಡಲೆ ಕೇಳುಗರಲ್ಲಿ ಕೆಲವರ ಕೈ ರೇಡಿಯೋದ ತಿರುಗಣೆಯ ಕಡೆಗೆ ಹೋಗಬಹುದು. ದಯವಿಟ್ಟು ಸ್ವಲ್ಪ ತಾಳಿರಿ. ನಾನು ಹೇಳಹೊರಟಿರುವುದರಲ್ಲಿ ಗದ್ದಲ ಕಡಿಮೆ, ಕಥೆ ಹೆಚ್ಚು.

ಅಮೆರಿಕದ ದಕ್ಷಿಣಕ್ಕೆ ಜಾರ್ಜಿಯಾ ಎಂಬ ರಾಜ್ಯವಿದೆ. ಅಲ್ಲಿ ಅಥೆನ್ಸ್ ಎಂಬ ಊರು. ವಿಶ್ವವಿದ್ಯಾನಿಲಯ ಕಟ್ಟುವ ಸ್ಥಳವಾದ್ದರಿಂದ, ಪ್ಲೇಟೋ ಪಾಠ ಹೇಳಿದ ಗ್ರೀಕರ ನಗರದ ಹೆಸರನ್ನು ಅದಕ್ಕಿಟ್ಟರು. ಮೈಕೇಲ್ ಸ್ಟೈಪ್ ಅಲ್ಲಿ ಚಿತ್ರಕಲೆ ಓದುತ್ತಿದ್ದ. ಪೀಟರ್ ಬಕ್ ಎಂಬವನು ವಕ್ಸ್‌ಟ್ರಿ ಎಂಬ ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ಗುಮಾಸ್ತ. ಬಕ್ ತನಗೆಂದು ತೆಗೆದಿಟ್ಟುಕೊಂಡ ಮುದ್ರಿಕೆಗಳನ್ನೇ ಸ್ಟೈಪ್ ಬಂದು ಕೊಳ್ಳುತ್ತಿದ್ದನಂತೆ. ಹೀಗೆ ಅಭಿರುಚಿ ಕೂಡಿ ಗೆಳೆತನವಾಯಿತು. ಇನ್ನಿಬ್ಬರು ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ, ಮೇಕನ್ ಎಂಬ ಊರಿನ ಶಾಲೆಯಿಂದಲೇ ಜೊತೆಗಾರರು. ಬಕ್ ಗಿಟಾರ್, ಮಿಲ್ಸ್ ಮಂದ್ರದ ಗಿಟಾರ್, ಬೆರಿ ಡ್ರಮ್ಮು, ಸ್ಟೈಪ್ ಹಾಡುಗಾರಿಕೆ. 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಒಂದು ಹಳೆಯ ಇಗರ್ಜಿಯ ಕಟ್ಟಡದಲ್ಲಿ, ಪರಿಚಿತರೊಬ್ಬರ ಹುಟ್ಟುಹಬ್ಬದ ಕೂಟಕ್ಕೆ ನಾಲ್ವರೂ ಮೊದಲ ಸಲ ನುಡಿಸಿದರು. ಆ ಕಟ್ಟಡವನ್ನು ಮುಂದೆ ಕೆಡವಿದರು. ಗೋಪುರವೊಂದು ಮಾತ್ರ ಉಳಿಯಿತು. ಮೇಳಕ್ಕೆ ಹೆಸರು ಬೇಕಾದಾಗ ಸ್ಟೈಪ್ ನಿಘಂಟನ್ನು ತೆರೆದು, ಕಣ್ಣಿಗೆ ಬಿದ್ದುದನ್ನು ಆರಿಸಿದ. ಕನಸು ಕಾಣುವ ನಿದ್ರೆಯಲ್ಲಿ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಓಡಾಡುತ್ತದಷ್ಟೆ, ಅದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮೂರು ಮಾತುಗಳ ಮೊದಲಕ್ಷರಗಳು ಅವು. ನಿಘಂಟಿನಿಂದ ಇಂಥ ಉಪಕಾರವೂ ಆಗುವುದುಂಟೆಂದು ತಿಳಿದು ನನಗೆ ಸಂತೋಷವಾಯಿತು.

ಇನ್ನು ಅವರ ಹಾಡು ಕೇಳುಗರ ಕಿವಿಗೆ ಬಿದ್ದ ಬಗೆ. ಅದು ರೇಡಿಯೋದ ಕಥೆಯೇ ಆದುದರಿಂದ ಸ್ವಲ್ಪ ವಿಸ್ತರಿಸಿ ಹೇಳಬೇಕು.

ಅಮೆರಿಕದ ದೊಡ್ಡ ರೇಡಿಯೋ ನಿಲಯಗಳು ಜಾಹಿರಾತಿನ ಹಣದಿಂದ ನಡೆಯುವಂಥವು. ಅವುಗಳಿಗೆ ಅತಿ ಹೆಚ್ಚು ಜನ ಕೇಳುವ ಹಾಡು ಬೇಕು. ಆದ್ದರಿಂದ ಈಗಾಗಲೇ ಗೆದ್ದ ಹಾಡನ್ನೇ ಮತ್ತೆ ಮತ್ತೆ ಹಾಕುತ್ತವೆ. ಹೊಸಬರಿಗೆ ಅಲ್ಲಿ ಬಾಗಿಲು ಮುಚ್ಚಿದಂತೆಯೇ. ಆದರೆ ಆ ದೇಶದಲ್ಲಿ ಎಫ್.ಎಂ. ಪ್ರಸಾರದ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ವಾಣಿಜ್ಯೇತರ ಶಿಕ್ಷಣ ನಿಲಯಗಳಿಗೆ ಮೀಸಲಾಗಿಟ್ಟಿದ್ದಾರೆ. ಕಾಲೇಜುಗಳು ಅಲ್ಲಿ ಸಣ್ಣ ಸಣ್ಣ ನಿಲಯಗಳನ್ನು ಇಟ್ಟುಕೊಂಡಿವೆ. ಅಥೆನ್ಸಿನ ವಿಶ್ವವಿದ್ಯಾನಿಲಯಕ್ಕೂ 1972ರಿಂದ ಅಂಥದೊಂದು ನಿಲಯವುಂಟು. ಹಾಡು ಆರಿಸುವವರು, ಹಾಕುವವರು, ನಡುನಡುವೆ ಮಾತಾಡುವವರು ಎಲ್ಲರೂ ವಿದ್ಯಾರ್ಥಿಗಳೇ. ಪ್ರಸಾರದ ಶಕ್ತಿ ಸಾಮಾನ್ಯವಾಗಿ ಅಲ್ಪ. ಅನೇಕ ಕಡೆ ಊರು ದಾಟಿದರೆ ಕೇಳುವುದೇ ಇಲ್ಲ. ಆದರೆ ಲಾಭದ ಚಿಂತೆ ಇಲ್ಲದುದರಿಂದ ತಮಗೆ ಹಿಡಿಸಿದ್ದನ್ನು ಅವರು ಧೈರ್ಯವಾಗಿ ಹಾಕುತ್ತಿದ್ದರು. ಈ ನಿಲಯಗಳಲ್ಲಿ ಬೆಳೆದ ಸಂಗೀತಕ್ಕೆ ಮೊದಲು 'ಕಾಲೇಜು ರಾಕ್' ಎಂದೂ ಆಮೇಲೆ 'ಆಲ್ಟರ್ನೇಟಿವ್', ಎಂದರೆ ಪರ್ಯಾಯ ರಾಕ್ ಎಂದೂ ಹೆಸರಾಯಿತು. ಪರ್ಯಾಯವೆಂಬ ನಮ್ಮ ಮಾತಿಗೆ 'ಸರದಿ' ಎಂಬ ಅರ್ಥವೂ ಇದೆಯಷ್ಟೆ. ಇವರ ಸರದಿ ಬರಲು ಹತ್ತು ವರ್ಷ ಹಿಡಿಯಿತು.

1981ರಲ್ಲಿ ಅವರ ಮೊದಲ ಹಾಡು ಹಿಬ್‌ಟೋನ್ ಎಂಬ ಪುಟ್ಟ ಸಂಸ್ಥೆಯ ಮೂಲಕ ಹೊರಬಿತ್ತು. ಅಚ್ಚು ಹಾಕಿಸಿದ್ದು 1,000 ಪ್ರತಿ. ಅದರಲ್ಲಿ 600ನ್ನು ಮಾರಲಿಲ್ಲ, ಪ್ರಚಾರಕ್ಕೆಂದೇ ಹಂಚಿದರು. ಹಾಡಿನ ಹೆಸರೂ ರೇಡಿಯೋದ್ದೇ: 'ರೇಡಿಯೋ ಫ್ರೀ ಯೂರೋಪ್'. ಅದು ಅಮೆರಿಕದವರು 1950ರಿಂದ ಮ್ಯೂನಿಕ್‌ನಲ್ಲಿದ್ದುಕೊಂಡು ಪೂರ್ವ ಯೂರೋಪಿನ ಜನಕ್ಕೆ ಪ್ರಸಾರ ಮಾಡುತ್ತಿದ್ದ ನಿಲಯ. 1995ರಲ್ಲಿ ಪ್ರಾಗ್ ನಗರಕ್ಕೆ ಹೋಯಿತು. ಹಾಡಿನಲ್ಲಿ ಆ ನಿಲಯದ ವೃತ್ತಾಂತವೇನೂ ಇಲ್ಲ. ಮುದ್ರಣದ ಹೊತ್ತಿಗೆ ಸ್ಟೈಪ್ ಸಾಹಿತ್ಯವನ್ನು ಬರೆದು ಮುಗಿಸಿಯೇ ಇರಲಿಲ್ಲ. ಅದು ಬರಿಯ ಬಡಬಡಿಕೆಯೆಂದು ಮುಂದೆ ತಾನೇ ಒಪ್ಪಿಕೊಂಡ. ಆದರೂ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅದನ್ನು ಆ ವರ್ಷದ ಹತ್ತು ಉತ್ತಮ ಹಾಡುಗಳ ಸಾಲಿಗೆ ಸೇರಿಸಿತು.

ಈ ಅವಧಿಯಲ್ಲಿ ಅವರು ಒಂದು ಹಳೆಯ ನೀಲಿ ವ್ಯಾನಿನಲ್ಲಿ ಊರೂರು ತಿರುಗುತ್ತಿದ್ದರು. ಒಬ್ಬೊಬ್ಬರ ಊಟಕ್ಕೆ ದಿನಕ್ಕೆ 2 ಡಾಲರು. ಕಾಲೇಜು ಇದ್ದ ಊರಿನಲ್ಲಿ ನಿಲಯದ ಹುಡುಗರು ಹಾಡು ಹಾಕುವರು, ಅದನ್ನು ಕೇಳಿದವರು ಸಂಜೆ ಬಂದು ನೋಡುವರು, ಅವರಲ್ಲಿ ಕೆಲವರು ಮಾರನೆಯ ದಿನ ಮುದ್ರಿಕೆ ಕೊಳ್ಳುವರು. ಕೀರ್ತಿ ಹೀಗೆ ಬಿಂದುಬಿಂದುವಾಗಿ ಕೂಡಿತು.

'ಮರ್ಮರ್' ಹೊರಬಂದಾಗ 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು ಅದನ್ನು 1983ರ ಅತ್ಯುತ್ತಮ ಮುದ್ರಿಕೆಯೆಂದು ಆರಿಸಿದರು. ಆಗ ಮೈಕೇಲ್ ಜಾಕ್ಸನ್ನನ 'ಥ್ರಿಲ್ಲರ್' ಜಗತ್ತನ್ನೇ ಕುಣಿಸುತ್ತಿದ್ದ ಕಾಲವೆಂಬುದನ್ನು ನೆನೆದರೆ ಈ ತೀರ್ಪಿನ ತೂಕ ತಿಳಿಯುತ್ತದೆ. ಮಾರಾಟದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಡೇವಿಡ್ ಲೆಟರ್‌ಮನ್ ಎಂಬವರ ಟೆಲಿವಿಷನ್ ಕಾರ್ಯಕ್ರಮಕ್ಕೆ ಮೇಳವನ್ನು ಕರೆದರು. ಲೆಟರ್‌ಮನ್ ಮಾತಾಡಿಸಲು ಬಂದರೆ ಉತ್ತರ ಕೊಟ್ಟವರು ಬಕ್ ಮತ್ತು ಮಿಲ್ಸ್. ಹಾಡುಗಾರ ಸ್ಟೈಪ್ ಹಿಂದೆ ಡ್ರಮ್ಮಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಅಂದು ನುಡಿಸಿದ ಹಾಡುಗಳಲ್ಲೊಂದಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ!

ಮಾತು ಸ್ಪಷ್ಟವಾಗಿ ಕೇಳದ ಹಾಡನ್ನು ಮೆಚ್ಚುವುದು ಹೇಗೆ ಎಂದು ನೀವು ಕೇಳಬಹುದು. ಶಬ್ದಾರ್ಥಗಳೆರಡೂ ಕೂಡಿದರೆ ಕಾವ್ಯವೆಂದು ಪಾಠ ಹೇಳುತ್ತ ಬಂದ ನನಗೂ ಇದು ತೊಡಕೇ. ಆದರೆ ಆಲಾಪನೆಗೆ ಯಾವ ಸಾಹಿತ್ಯವಿದೆ? ಕಂಠವನ್ನೂ ಒಂದು ವಾದ್ಯವೆಂದು ಭಾವಿಸಿ ಕೇಳಿದರೆ ಆ ಗುಣುಗಿನಲ್ಲಿ ಒಂದು ಸೊಗಸಿದೆ. ಹಾಗಿದ್ದೂ, ಮೇಳ ದೊಡ್ಡದಾದುದು ಮಾತು ತಿಳಿಯಾದಮೇಲೆಯೇ ಎಂಬುದನ್ನು ಮರೆಯಲಾಗದು. 1986ರ ಮುದ್ರಿಕೆಯ ಕಾಲದಲ್ಲಿ ಡಾನ್ ಗೆಹ್ಮನ್ ಎಂಬ ನಿರ್ಮಾಪಕರು, ಬಾಯಿಬಿಟ್ಟು ಹಾಡಬೇಕೆಂದು ಸ್ಟೈಪನನ್ನು ಒತ್ತಾಯಪಡಿಸಿದರು. ಮರುವರ್ಷವೇ ಅವರ ಹಾಡೊಂದು ಮೊದಲ ಬಾರಿಗೆ ಅಮೆರಿಕದ ಮೊದಲ ಹತ್ತರಲ್ಲಿ ನಿಂತಿತು. ಗುಣುಗಿನ ಕಾಲವೇ ಚೆನ್ನಾಗಿತ್ತೆಂದು ಹಲುಬುವ ಹಳೆಯ ಅಭಿಮಾನಿಗಳುಂಟು. ನಾನು ಅವರ ಪಕ್ಷದವನಲ್ಲ.

1988ರಲ್ಲಿ ಅವರು ಐ.ಆರ್.ಎಸ್. ಎಂಬ ಸಂಸ್ಥೆಯನ್ನು ಬಿಟ್ಟು ವಾರ್ನರ್ ಬ್ರದರ್ಸ್‌ಗೆ ಸೇರಿದರು. ಹಳೆಯ ಸಂಸ್ಥೆಯ ಮೂಲಕ ಹೊರದೇಶಗಳಲ್ಲಿ ತಮ್ಮ ಮುದ್ರಿಕೆಗಳು ಜನರನ್ನು ಸರಿಯಾಗಿ ಮುಟ್ಟುತ್ತಿಲ್ಲವೆಂಬುದು ಅವರ ಕೊರಗಾಗಿತ್ತು. ಮುಂದಿನ ವರ್ಷವೆಲ್ಲ ಸಂಚಾರದಲ್ಲೇ ಕಳೆದು ದಣಿದರು. ಆ ಬಳಿಕ ಬಂದುದು 1991ರ ಮಾರ್ಚಿನ 'ಔಟ್ ಆಫ್ ಟೈಮ್'.

ಅದರ ಮುಖ್ಯ ಹಾಡು 'ಲೂಸಿಂಗ್ ಮೈ ರಿಲಿಜನ್'. ಹೆಸರು ಕೇಳಿ ಧರ್ಮಭ್ರಷ್ಟನ ಹಾಡೆಂದು ತಿಳಿದವರು ಬಹಳ. ಅಮೆರಿಕದ ದಕ್ಷಿಣದವರ ಆಡುಮಾತಿನಲ್ಲಿ ಅದಕ್ಕೆ ತಾಳ್ಮೆ ತಪ್ಪಿತು, ಇನ್ನು ತಡೆಯಲಾರೆ ಎಂದಷ್ಟೇ ಅರ್ಥ. ನುಡಿಗಟ್ಟನ್ನು ಪದಪದವಾಗಿ ಬಿಡಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಹಾಡಿನಲ್ಲಿ ಮುಂದಾಳು ಮ್ಯಾಂಡೊಲಿನ್. ಬಕ್ ಆಗತಾನೆ ಆ ವಾದ್ಯವನ್ನು ಕೊಂಡು, ಟೆಲಿವಿಷನ್ ನೋಡುತ್ತ ಕಲಿಯುತ್ತಿದ್ದಾಗ ಕೈಗೆ ಬಂದ ಒಂದು ಎಳೆಯೇ ಹಾಡಾಯಿತು. ಎಲ್ಲರೂ ಕೂಡಿ ಹಾಡಿಕೊಳ್ಳುವಂಥ ಪಲ್ಲವಿಯೆಂಬುದೂ ಅದರಲ್ಲಿ ಇಲ್ಲ. ಸಂಸ್ಥೆಯವರು ಇದನ್ನು ಮೊದಲು ಬಿಡುವುದಕ್ಕೆ ಹಿಂಜರಿದರಂತೆ. ಅವರು ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ. ಹಾಡು ಅಮೆರಿಕದಲ್ಲಿ 4ನೆಯ ಸ್ಥಾನಕ್ಕೇರಿತು.

ಹಾಡಿನ ಚಿತ್ರವನ್ನು ನಿರ್ದೇಶಿಸಿದವರು ನಮ್ಮ ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಭಾರತದ ಕೆಲವು ಚಿತ್ರಗಳ ಭಾವಾತಿಶಯದ ರೀತಿ, ಜೊತೆಗೆ ಮುಪ್ಪಾದ ದೇವದೂತನೊಬ್ಬನನ್ನು ಕುರಿತ ಗಾರ್ಸಿಯಾ ಮಾರ್ಕೆಸ್‌ರ ಕಥೆ, ಇವೆರಡನ್ನೂ ಅವರು ಅದರಲ್ಲಿ ಬೆಸೆದರು. ಚಿತ್ರ ದೇಶದೇಶಗಳಲ್ಲಿ ಮತ್ತೆ ಮತ್ತೆ ತೋರಿತು, 1991ರಲ್ಲಿ ಎಂ.ಟಿ.ವಿ.ಯ ವರ್ಷದ ಚಿತ್ರವೆಂಬ ಪ್ರಶಸ್ತಿಯೂ ಬಂದಿತು. 'ಔಟ್ ಆಫ್ ಟೈಮ್' ಕೋಟಿಗೂ ಮಿಕ್ಕಿ ಮಾರಾಟವಾಯಿತು, 1992ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದುವು. ಈ ಮುದ್ರಿಕೆಗಾಗಿ ಅವರು ಊರೂರು ಸುತ್ತಲೇ ಇಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಇಷ್ಟು ಹಣ, ಇಷ್ಟು ಹೆಸರು ಬಂದಾಗ ಮೇಳಗಳು ಒಡೆಯುವುದೇ ಹೆಚ್ಚು. ಕಾರಣ ಬಹುಮಟ್ಟಿಗೆ ಲೆಕ್ಕದ್ದು. ಹಾಡು ಮಾರಾಟವಾದಾಗ, ಪ್ರಸಾರವಾದಾಗ ಬರುವ ಗೌರವಧನದಲ್ಲಿ ಒಂದು ದೊಡ್ಡ ಪಾಲು ಅದನ್ನು ರಚಿಸಿದವರಿಗೆ ಸಲ್ಲುತ್ತದೆ. ಒಬ್ಬನ ಹೆಸರಿನಲ್ಲೇ ರಚನೆ ಇದ್ದರೆ ಅವನು ಶ್ರೀಮಂತನಾಗುತ್ತಾನೆ. ಪಕ್ಕದಲ್ಲಿ ಕುಳಿತು ಡ್ರಮ್ಮು ಬಾರಿಸಿದವನು ಇದ್ದಲ್ಲೇ ಇರುತ್ತಾನೆ. ಆಮೇಲೆ ಮಾತು, ವೈಮನಸ್ಯ, ವಕೀಲರು. ಈ ನಾಲ್ವರು ಕೈ ಬರಿದಾಗಿದ್ದ ಕಾಲದಲ್ಲೇ ಒಂದು ಕಟ್ಟುಪಾಡು ಮಾಡಿಕೊಂಡರು. ಹಾಡಿನ ಎಳೆ ಯಾರಿಗೇ ಹೊಳೆದಿರಲಿ, ರಚನಕಾರರೆಂದು ನಾಲ್ವರ ಹೆಸರನ್ನೂ ಅಕಾರಾದಿಯಾಗಿ ಹಾಕುವುದು: ಬೆರಿ, ಬಕ್, ಮಿಲ್ಸ್, ಸ್ಟೈಪ್. ಹಣವೂ ನಾಲ್ಕು ಸಮಪಾಲು. ಯಾವ ನಿರ್ಧಾರಕ್ಕೂ ನಾಲ್ವರ ಒಪ್ಪಿಗೆ ಬೇಕು. ಒಬ್ಬ ಬೇಡವೆಂದರೆ ಅಲ್ಲಿಗೇ ನಿಂತಿತು. ಮ್ಯಾಂಡೊಲಿನ್ನಿನ ಎಳೆ ಬಕ್‌ನದು, ಮಾತು ಸ್ಟೈಪ್‌ನದು. ಆದರೂ ಆ ಹಾಡಿನ ಆದಾಯದಲ್ಲಿ ಬೆರಿಗೂ ಮಿಲ್ಸ್‌ಗೂ ಅಷ್ಟೇ ಪಾಲು. ಈ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚಾದುದು ಪ್ರಶಸ್ತಿಗಳಲ್ಲ, ಈ ಒಪ್ಪಂದ.

ಅದರ ಪರೀಕ್ಷೆಯೂ ಬಂದಿತು. 1995ರ ಮಾರ್ಚ್ 1ರಂದು ಸ್ವಿಟ್ಸರ್ಲೆಂಡಿನ ಲೋಜಾನ್ ನಗರದ ಕಛೇರಿಯಲ್ಲಿ ಬೆರಿ ಕುಸಿದ. ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಶಸ್ತ್ರಚಿಕಿತ್ಸೆಯಾಗಿ, ಸುಮಾರು ಎರಡು ತಿಂಗಳಲ್ಲಿ ಮತ್ತೆ ಡ್ರಮ್ಮಿನ ಮುಂದೆ ಕುಳಿತ. 1996ರಲ್ಲಿ ಮೇಳಕ್ಕೂ ವಾರ್ನರ್ ಸಂಸ್ಥೆಗೂ ಆದ ಹೊಸ ಕರಾರು 8 ಕೋಟಿ ಡಾಲರಿನದೆಂದು ವರದಿಯಾಯಿತು. ಮರುವರ್ಷ, 1997ರ ಅಕ್ಟೋಬರಿನಲ್ಲಿ, ಬೆರಿ ಮೇಳವನ್ನು ಬಿಟ್ಟು ಹೊಲಕ್ಕೆ ಹೋದ. ಬಿಡುವ ಮೊದಲು ಉಳಿದ ಮೂವರಿಗೆ ಅವನು ಹೇಳಿದ್ದು ಇಷ್ಟು: ನಾನು ಹೋದರೆ ಮೇಳ ಒಡೆಯುವುದಾದರೆ ನಾನು ಹೋಗುವುದಿಲ್ಲ. ಮುಂದುವರಿಯುತ್ತೇವೆಂದು ಅವರು ಒಪ್ಪಿದಮೇಲೆಯೇ ಅವನು ಹೊರಟ. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವ ಬಗೆಯನ್ನು ಬೇರೆಯಾಗಿ ಕಲಿಯಬೇಕು ಅಷ್ಟೆ ಎಂದು ಸ್ಟೈಪ್ ಆಗ ಹೇಳಿದ್ದು ಪ್ರಸಿದ್ಧವಾಗಿದೆ.

ಆ ಓಟ ಮೊದಲಿನಂತಾಗಲಿಲ್ಲವೆಂಬುದು ನಿಜ. ಅಮೆರಿಕದಲ್ಲಿ ಮಾರಾಟ ಇಳಿಯಿತು. ಆದರೂ ಮೂವರು ಹದಿನಾಲ್ಕು ವರ್ಷ ನಡೆಸಿ, 2011ರ ಸೆಪ್ಟೆಂಬರ್ 21ರಂದು, ಜಗಳವಿಲ್ಲದೆ ಒಮ್ಮತದಿಂದಲೇ ಮೇಳವನ್ನು ಮುಗಿಸಿದರು. 2024ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಹಾಡು ಬರೆದವರಿಗೆ ಸಲ್ಲುವ ಗೌರವವೊಂದು ಅವರಿಗೆ ಸಂದಿತು. ಅಲ್ಲಿ ಕರೆದುದು ನಾಲ್ವರನ್ನೂ. ಬೆರಿಯೂ ಬಂದಿದ್ದ. ಬಕ್ ಮ್ಯಾಂಡೊಲಿನ್ ಎತ್ತಿಕೊಂಡ. ನಾಲ್ವರೂ ಸೇರಿ ಆ ಒಂದು ಹಾಡನ್ನು ನುಡಿಸಿದರು.